ಖಾಲಿ ಬಂದ ತಟ್ಟೆ

ಹರ್ನ್‌ಡನ್ನಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಮೊದಲ ಜಗಳ ನಡೆದದ್ದು ಕುಕ್ಕರಿನ ವಿಷಲ್ ವಿಚಾರಕ್ಕೆ. ನಾನು ಬೇಳೆ ಬೇಯಲು ಇಟ್ಟಾಗಲೆಲ್ಲ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರಿಗೆ ದಬದಬ ಕುಟ್ಟುತ್ತಿದ್ದರು. ಆ ಸದ್ದು ನನ್ನ ಅಡುಗೆಮನೆಯ ನೆಲಕ್ಕೆ ಬಂದು ಅಂಗಾಲಿಗೆ ತಾಗುತ್ತಿತ್ತು. ಕೆಲವು ದಿನ ಸಹಿಸಿಕೊಂಡೆ. ಮೈಸೂರಿನಿಂದ ಅಮೆರಿಕಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ನನ್ನದು ಕೆಲಸಕ್ಕೆ ಹೋಗಲು ಬಿಡದ ವೀಸಾ. ಗಂಡ ಬೆಳಿಗ್ಗೆ ಕಾರು ತೆಗೆದುಕೊಂಡು ಟೋಲ್ ರೋಡ್ ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಬಸ್ಸಿಲ್ಲ, ಹೊರಗೆ ಹೋಗೋಣವೆಂದರೆ ಕಾಲುದಾರಿಯೂ ಇಲ್ಲ. ನನ್ನಿಷ್ಟಕ್ಕೆ ಬೇಳೆ ಬೇಯಿಸುವ ಸ್ವಾತಂತ್ರ್ಯ ಒಂದು ಉಳಿದಿತ್ತು, ಅದಕ್ಕೂ ಅಡ್ಡಿಯೇ ಎಂದು ಒಂದು ದಿನ ಸಿಟ್ಟು ನೆತ್ತಿಗೇರಿತು. ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದೆ.

ಬಾಗಿಲು ತೆಗೆದದ್ದು ನನ್ನ ತಾಯಿಗಿಂತ ಹಿರಿಯ ಹೆಂಗಸು. ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಬೂದು ಬಣ್ಣದ ಸ್ವೆಟರ್ ತೊಟ್ಟಿದ್ದರು. ಪೊರಕೆ ಇನ್ನೂ ಕೈಯಲ್ಲಿತ್ತು. ಒಳಗಿನಿಂದ ಅವರ ಮಗಳು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಗ್ಲಿಷಿನಲ್ಲಿ ಚುಟುಕಾಗಿ ವಿಷಯ ಹೇಳಿದಳು. ಯುದ್ಧದಲ್ಲಿ ಫಿರಂಗಿಯ ಶೆಲ್ ಬೀಳುವ ಮುಂಚೆ ಅಂಥದೇ ಒಂದು ಸಿಳ್ಳು ಕೇಳಿಸುತ್ತದೆ, ಅಮ್ಮನಿಗೆ ಆ ಸದ್ದು ತಡೆಯಲಾಗುವುದಿಲ್ಲ, ನಾವು ಸರಾಯೆವೊದವರು. ಜಗಳಕ್ಕೆಂದು ಸಿಕ್ಕಿಸಿಕೊಂಡಿದ್ದ ಸೆರಗನ್ನು ಸಡಿಲಿಸಿದೆ. ಆ ಊರಿನ ಹೆಸರನ್ನು ನಾವೆಲ್ಲ ವರ್ಷಗಟ್ಟಲೆ ಟೀವಿಯಲ್ಲಿ ಕೇಳಿದ್ದೆವು. ಕೇಳುತ್ತ ಕೇಳುತ್ತ ಊಟ ಮಾಡಿ ಕೈ ತೊಳೆದಿದ್ದೆವು. ಅಲ್ಲಿಯ ನಾಯಕರೆಲ್ಲ ಕುಳಿತು ಸಹಿ ಹಾಕಿ ಯುದ್ಧ ನಿಲ್ಲಿಸಿ ಕೆಲವು ವಾರಗಳಷ್ಟೇ ಆಗಿದ್ದವು.

ಅಂದಿನಿಂದ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸತೊಡಗಿದೆ. ಮಾರನೆಯ ದಿನ ಸಮಾಧಾನಕ್ಕೆಂದು ಕೇಸರಿಬಾತ್ ಮಾಡಿ, ಅಮ್ಮ ತನ್ನ ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ತಟ್ಟೆಯಲ್ಲಿ ಹಾಕಿಕೊಂಡು ಹೋದೆ. ಎರಡು ದಿನ ಕಳೆದ ಮೇಲೆ ತಟ್ಟೆ ವಾಪಸ್ ಬಂತು, ಒಳಗೆ ಅಕ್ರೋಟು ತುಂಬಿದ ಒಂದು ಸಿಹಿ. ಪಾತ್ರೆಯನ್ನು ಖಾಲಿ ಕೊಡಬಾರದು, ಅಲ್ಲವೇ ಎಂದು ಅವರೇ ಕೇಳಿದರು. ನಮ್ಮಲ್ಲೂ ಹಾಗೇ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ ಎಂದೆ. ಸಾವಿರಾರು ಮೈಲಿ ದೂರದ ಎರಡು ಊರುಗಳ ಅಮ್ಮಂದಿರು ಒಂದೇ ಪಾಠ ಕಲಿಸಿದ್ದರು. ಆಮೇಲೆ ನನ್ನ ಸ್ಟೀಲ್ ತಟ್ಟೆ ಇಳಿಯುವುದು, ಅವರ ನೀಲಿ ಅಂಚಿನ ಪಿಂಗಾಣಿ ತಟ್ಟೆ ಹತ್ತುವುದು, ಇದೇ ಒಂದು ಸಂಸಾರವಾಯಿತು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅವರು ತಮ್ಮ ಭಾಷೆಯಲ್ಲಿ ನನ್ನನ್ನು ನೆರೆಮನೆಯವಳೇ ಎಂದು ಕರೆಯುತ್ತಿದ್ದರು. ಆ ಮಾತಿಗೆ ಅವರಲ್ಲಿ ಬಂಧುವಿನಷ್ಟೇ ತೂಕವಿದೆ ಎಂದು ಆಮೇಲೆ ತಿಳಿಯಿತು.

ಅವರ ಇಂಗ್ಲಿಷ್ ಹರಕು. ಹಾಗೆಯೇ ಬರೆದರೆ ಓದುವವರಿಗೆ ನಗು ಬಂದೀತು, ಅವರ ಬಾಯಲ್ಲಿ ಬಂದದ್ದು ನಗುವ ಮಾತಲ್ಲ. ಹಾಗಾಗಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಆಂಟಿ ಸರಾಯೆವೊದಲ್ಲಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದವರು. ಅಂಗಡಿ ಊರಿನ ಹಳೆಯ ಪೇಟೆಯ ತುದಿಯಲ್ಲಿ, ಟ್ರಾಮ್ ತಿರುಗುವ ಕಡೆ ಇತ್ತಂತೆ. ಒಂದೇ ನೋಟಕ್ಕೆ ಮಸೀದಿ, ಎರಡು ಬಗೆಯ ಚರ್ಚು, ಯಹೂದಿಗಳ ಗುಡಿ ಎಲ್ಲ ಕಾಣುವ ಊರು. ಸುತ್ತಲೂ ಗುಡ್ಡ, ತಗ್ಗಿನಲ್ಲಿ ಊರು, ನಡುವೆ ಸಣ್ಣ ಹೊಳೆ. ಎಂಬತ್ತರ ದಶಕದಲ್ಲಿ ಅಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಪ್ರಪಂಚವೆಲ್ಲ ಬಂದು ಹೋಯಿತು, ಊರಿನವರು ಕೊರಳು ಎತ್ತಿಕೊಂಡು ಓಡಾಡಿದರು. ಅದಾಗಿ ಹತ್ತು ವರ್ಷವೂ ಕಳೆಯುವ ಮುಂಚೆ, ಆಟಕ್ಕೆಂದು ಕಟ್ಟಿದ ಗುಡ್ಡದ ಮೇಲಿನ ಜಾಗಗಳಿಂದಲೇ ಊರಿನ ಮೇಲೆ ಗುಂಡು ಬಿತ್ತು. ಅದನ್ನು ಹೇಳುವಾಗ ಆಂಟಿ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

ಯುದ್ಧದ ಕಥೆ ಅವರು ಹೆಚ್ಚು ಹೇಳಲಿಲ್ಲ. ಹೇಳಿದ್ದೆಲ್ಲ ಅದಕ್ಕೆ ಮುಂಚಿನ ಎರಡು ವರ್ಷದ್ದು. ಎಲ್ಲಿ ಎಡವಿದೆವು ಎಂದು ಹುಡುಕುವವರ ಹಾಗೆ ಅಲ್ಲಿಗೇ ಮತ್ತೆ ಮತ್ತೆ ಹೋಗುತ್ತಿದ್ದರು. ಮೊದಲು ದುಡ್ಡಿಗೆ ಬೆಲೆ ಹೋಯಿತು. ಸಂಬಳ ಬಂದ ದಿನವೇ ಜನ ಓಡಿಹೋಗಿ ಅದನ್ನು ಜರ್ಮನ್ ಮಾರ್ಕಿಗೆ ಬದಲಾಯಿಸುತ್ತಿದ್ದರು. ಆಮೇಲೆ ಚುನಾವಣೆ ಬಂತು. ಅಲ್ಲಿಯವರೆಗೆ ಒಂದೇ ಪಕ್ಷ, ಒಂದೇ ಬೇಜಾರು. ಈಗ ಆಯ್ಕೆ ಬಂತೆಂದು ಎಲ್ಲರಿಗೂ ಸಂಭ್ರಮ. ನೋಡಿದರೆ ಮುಸ್ಲಿಮರಿಗೊಂದು, ಸರ್ಬರಿಗೊಂದು, ಕ್ರೊವಾಟರಿಗೊಂದು ಪಕ್ಷ ಹುಟ್ಟಿಕೊಂಡಿತ್ತು. ಮೂವರೂ ನಾವು ಸ್ನೇಹಿತರೇ ಎಂದು ಕೈ ಕುಲುಕಿ ಮೂವರೂ ಗೆದ್ದರು. ಅಂಗಡಿಯಲ್ಲಿ ಕೆಲಸದವರೆಲ್ಲ ಸೇರಿ ಕಾಫಿ ಕುಡಿಯುವ ಪದ್ಧತಿ ಇತ್ತು. ಯಾರೂ ಜಗಳವಾಡಲಿಲ್ಲ, ಬರಬೇಡವೆಂದು ಯಾರೂ ಯಾರಿಗೂ ಹೇಳಲಿಲ್ಲ, ಆದರೂ ಆ ಚಳಿಗಾಲ ಕಳೆಯುವ ಹೊತ್ತಿಗೆ ಕಾಫಿ ಮೂರು ಕೆಟಲಿನಲ್ಲಿ ಕುದಿಯುತ್ತಿತ್ತು.

ಅದಾದ ಮೇಲೆ ಜನಗಣತಿಯವರು ಬಂದರು. ನೀವು ಯಾರು ಎಂದು ಕೇಳಿದಾಗ ಆಂಟಿಯ ಗಂಡ ಎಂದಿನಂತೆ ಪಂಗಡ ಹೇಳದೆ, ದೇಶದ ಹೆಸರಿನಲ್ಲೇ ಯುಗೊಸ್ಲಾವ್ ಎಂದು ಬರೆಸಿದರಂತೆ. ಗಣತಿಗೆ ಬಂದ ಹುಡುಗಿ, ಅದು ಬರೆದರೆ ಈಗ ನಿಮ್ಮನ್ನು ಯಾರ ಲೆಕ್ಕಕ್ಕೂ ಹಿಡಿಯುವುದಿಲ್ಲವಲ್ಲ ಎಂದು ನಿಜವಾದ ಕಾಳಜಿಯಿಂದಲೇ ಹೇಳಿದಳು. ಮದುವೆಯ ಕಾರುಗಳು ತಂತಮ್ಮ ಬಾವುಟ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಹೋಗತೊಡಗಿದವು. ಔಷಧ ಕೊಳ್ಳಲು ಬಂದವರ ಕಂಕುಳಲ್ಲಿ ಯಾವ ಪತ್ರಿಕೆ ಇದೆ ಎಂದು ಕಣ್ಣು ತಾನಾಗಿಯೇ ಹೋಗುತ್ತಿತ್ತು. ಭಾನುವಾರ ಗುಡ್ಡಕ್ಕೆ ತಿರುಗಾಡಲು ಹೋದವರು ಸೈನ್ಯದವರು ಹಳ್ಳ ತೋಡುತ್ತಿರುವುದನ್ನು ನೋಡಿದರು. ಕವಾಯತು ಇರಬೇಕೆಂದು ಊಟದ ಬುತ್ತಿ ಬಿಚ್ಚಿ ತಿಂದು ಇಳಿದು ಬಂದರು.

“ನೀವು ಯಾರೂ ಹೆದರಲಿಲ್ವಾ?” ಎಂದು ಕೇಳಿದ್ದೆ.

“ಹೆದರಿದೆವು. ಆದರೆ ಬೇರೆ ಊರುಗಳಿಗಾಗಿ ಹೆದರಿದೆವು. ನಮ್ಮದು ಅಂಥ ಊರಲ್ಲ ಅಂದುಕೊಂಡಿದ್ದೆವು.”

ಇಷ್ಟೆಲ್ಲದರ ನಡುವೆ ಆಂಟಿಯ ಎದುರುಮನೆ ಇತ್ತು. ಒಂದೇ ಮಹಡಿ, ಎದುರುಬದುರು ಬಾಗಿಲು. ಆ ಮನೆಯವರು ಸರ್ಬರು. ಅಲ್ಲಿಯ ಹೆಂಗಸು ಆಂಟಿಯ ಓರಗೆಯವಳು. ಇಬ್ಬರೂ ಹೊಸದಾಗಿ ಮದುವೆಯಾಗಿ ಒಂದೇ ವರ್ಷ ಆ ಕಟ್ಟಡಕ್ಕೆ ಬಂದವರು, ಒಬ್ಬರ ಮಗುವನ್ನು ಇನ್ನೊಬ್ಬರು ಮಲಗಿಸಿದವರು. ಈದ್ ಹಬ್ಬಕ್ಕೆ ಇಲ್ಲಿಂದ ಬಕ್ಲಾವಾ ಎಂಬ ಸಿಹಿ ಹೋದರೆ ಈಸ್ಟರಿಗೆ ಅಲ್ಲಿಂದ ಬಣ್ಣ ಹಚ್ಚಿದ ಮೊಟ್ಟೆ ಬರುತ್ತಿತ್ತು. ಕಾಫಿ ಮೂರು ಕೆಟಲಿಗೆ ಹಂಚಿಹೋದ ಮೇಲೂ ಈ ಎರಡು ಬಾಗಿಲಿನ ನಡುವೆ ತಟ್ಟೆಗಳು ಓಡಾಡುತ್ತಲೇ ಇದ್ದವು. ಆ ಕೊನೆಯ ಮಾರ್ಚಿನಲ್ಲಿ ಎದುರುಮನೆಯವಳು ಎಂದೋ ಒಯ್ದಿದ್ದ ಕೇಕಿನ ಅಚ್ಚು, ಕೋಟಿನ ಮಾದರಿ ಕಾಗದ, ಮಕ್ಕಳ ಪುಸ್ತಕ, ಗಂಡಸರ ಸ್ಕ್ರೂಡ್ರೈವರ್ ಪೆಟ್ಟಿಗೆ ಎಲ್ಲ ಒಂದೊಂದಾಗಿ ತಂದುಕೊಟ್ಟಳು. ಏಪ್ರಿಲ್ ಮೊದಲ ವಾರವೇ ಈದ್ ಬಂತು. ಬೆಳಿಗ್ಗೆ ಬಕ್ಲಾವಾ ಕಳಿಸಿದರು. ಸಂಜೆ ತಟ್ಟೆ ಬಂತು. ತೊಳೆದು ಒರೆಸಿದ್ದ ಖಾಲಿ ತಟ್ಟೆ. ಕೊಟ್ಟವಳು ಮುಖ ನೋಡದೆ ಹೋದಳು.

ಮರುದಿನ ಬೆಳಿಗ್ಗೆ ಎದುರು ಬಾಗಿಲಿಗೆ ಬೀಗ ಬಿದ್ದಿತ್ತು. ಆ ದಿನವೇ ಊರಿನ ಜನ ಯುದ್ಧ ಬೇಡವೆಂದು ಸಾವಿರಗಟ್ಟಲೆ ಬೀದಿಗಿಳಿದರು, ಅವರ ಮೇಲೆ ಗುಂಡು ಹಾರಿತು, ರಸ್ತೆಗಳು ಮುಚ್ಚಿದವು. ಆಂಟಿಯ ಗಂಡ ಮುಂದಿನ ಚಳಿಗಾಲ ನೀರಿಗೆ ಸಾಲು ನಿಂತಿದ್ದಾಗ ಶೆಲ್ ಬಿದ್ದು ಸತ್ತರು. ತಾಯಿ ಮಗಳು ಹೇಗೋ ಹೊರಬಿದ್ದು, ಕ್ರೊವೇಶಿಯದ ನಿರಾಶ್ರಿತರ ಶಿಬಿರದಲ್ಲಿದ್ದು, ಕೊನೆಗೆ ವರ್ಜೀನಿಯಾಕ್ಕೆ ಬಂದರು.

ಮಗಳು ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಸಂಶಯವೇ ಇರಲಿಲ್ಲ. ಎದುರುಮನೆಯವಳಿಗೆ ಗೊತ್ತಿತ್ತು, ವಾರಗಳ ಮುಂಚೆ ಗೊತ್ತಿತ್ತು, ಗುಡ್ಡದ ಮೇಲೆ ಸರ್ಬರ ಪಡೆಯಲ್ಲಿದ್ದ ಅವಳ ತಮ್ಮಂದಿರೇ ಹೇಳಿರುತ್ತಾರೆ, ಒಂದು ಮಾತು ನಮಗೆ ಹೇಳಿದ್ದರೆ ಅಪ್ಪ ಬದುಕಿರುತ್ತಿದ್ದರು, ಇದು ಮಗಳ ವಾದ. ಆಂಟಿ ಒಪ್ಪುತ್ತಿರಲಿಲ್ಲ. ಎದುರುಮನೆಯವರ ಈಸ್ಟರ್ ಹತ್ತಿರ ಬಂದಿತ್ತು, ಹಬ್ಬಕ್ಕೆ ಮುಂಚೆ ಮನೆ ತಿಕ್ಕಿ ತೊಳೆದು ಬೇರೆಯವರ ಸಾಮಾನು ಹಿಂದಿರುಗಿಸುವುದು ಯಾವ ಹೆಂಗಸೂ ಮಾಡುವ ಕೆಲಸ. ಹೊರಡಬೇಕೆಂದು ಗೊತ್ತಾದದ್ದು ಆ ಸಂಜೆ ಮಾತ್ರ. ಹೆದರಿಕೆಯಲ್ಲಿ ತಟ್ಟೆಗೆ ಏನೂ ಹಾಕಲು ತೋಚಿಲ್ಲ, ಅಷ್ಟೆ. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. ಊರು ಹೋಗಿತ್ತು, ಗಂಡ ಹೋಗಿದ್ದರು, ದೇಶದ ಹೆಸರೇ ಹೋಗಿತ್ತು. ಆ ಎದುರುಮನೆಯವಳಿಗೆ ಗೊತ್ತಿರಲಿಲ್ಲ ಎನ್ನುವ ಒಂದು ನಂಬಿಕೆಯನ್ನು ಮಾತ್ರ ಆಂಟಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದೂ ಹೋದರೆ ಆ ಮನೆಯಲ್ಲಿ ಕಳೆದ ವರ್ಷಗಳೆಲ್ಲ ಸುಳ್ಳಾಗುತ್ತವೆ ಎಂದು ಅವರ ಭಯ. ನಾನು ಅವರ ಪಕ್ಷ ವಹಿಸುತ್ತಿದ್ದೆ. ಗಡಿಬಿಡಿಯಲ್ಲಿ ಯಾರಿಗೆ ಏನು ನೆನಪಿರುತ್ತದೆ ಆಂಟಿ ಎನ್ನುತ್ತಿದ್ದೆ.

ಇನ್ನು ನಮ್ಮವರ ವಿಚಾರ. ಹರ್ನ್‌ಡನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಗುಟ್ಟು ಎನ್ನುವುದು ಒಂದು ವ್ರತದ ಹಾಗೆ ನಡೆಯುತ್ತಿತ್ತು. ಶನಿವಾರ ಒಟ್ಟಿಗೆ ಕೂತು ಬಿಸಿಬೇಳೆಬಾತ್ ತಿಂದವರು ಸೋಮವಾರ ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಸೇರಿರುತ್ತಿದ್ದರು. ಮನೆ ಕೊಂಡದ್ದು ಗೃಹಪ್ರವೇಶಕ್ಕೆ ಕರೆದಾಗಲೇ ತಿಳಿಯಬೇಕು. ಗ್ರೀನ್ ಕಾರ್ಡಿಗೆ ಹಾಕಿದ್ದನ್ನಂತೂ ಹೆತ್ತವರಿಗೂ ಹೇಳುತ್ತಿರಲಿಲ್ಲವೇನೋ. ಕೈಗೆ ಬರುವ ಮುಂಚೆ ಬಾಯಿ ಬಿಟ್ಟರೆ ಕಣ್ಣು ಬೀಳುತ್ತದೆ ಎಂದು ಹೆಂಗಸರು, ವೀಸಾ ಕೆಟ್ಟರೆ ನಗೆಪಾಟಲು ಎಂದು ಗಂಡಸರು. ನಾನು ಇದನ್ನು ಆಡಿಕೊಂಡು ನಗುತ್ತಿದ್ದೆ. ನನ್ನ ಮನೆಯಲ್ಲಿ ಅಂಥದ್ದಿಲ್ಲ ಎಂದು ಜಂಬವೂ ಇತ್ತು.

ಆ ಶರತ್ಕಾಲದಲ್ಲಿ ನನ್ನ ಗಂಡನಿಗೆ ಇದ್ದಕ್ಕಿದ್ದಂತೆ ಶಿಸ್ತು ಬಂತು. ಆಫೀಸಿನ ಸ್ನೇಹಿತನಿಂದ ತಂದು ವರ್ಷವಾಗಿದ್ದ ಕಾರಿನ ಬ್ಯಾಟರಿ ಕೇಬಲ್ ವಾಪಸ್ ಹೋಯಿತು. ಎಷ್ಟೋ ವರ್ಷದಿಂದ ಇಲ್ಲೇ ನೆಲೆಸಿದ್ದ ಡಾಕ್ಟರ್ ಅಂಕಲ್ ಕೊಟ್ಟಿದ್ದ ಮಡಚುವ ಮಂಚ ಹೋಯಿತು. ಲೈಬ್ರರಿಯ ಪುಸ್ತಕಗಳೂ ಹೋದವು. ಅಪರೂಪಕ್ಕೆ ಗಂಡಸಿಗೆ ಬುದ್ಧಿ ಬಂತಲ್ಲ ಎಂದು ನಾನು ಖುಷಿಪಟ್ಟು, ಆಂಟಿಯ ಹತ್ತಿರವೂ ಹೇಳಿಕೊಂಡೆ. ಅವರು ಏನೇನು ವಾಪಸ್ ಹೋಯಿತೆಂದಷ್ಟೇ ಕೇಳಿದರು.

ಒಂದು ಶನಿವಾರ ನಾನು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಹಿಂದಿನ ವಾರ ಆಂಟಿ ಸೇಬಿನ ಸಿಹಿ ಕಳಿಸಿದ್ದ ನೀಲಿ ಅಂಚಿನ ತಟ್ಟೆ ಅಡುಗೆಕಟ್ಟೆಯ ಮೇಲಿತ್ತು, ಒಬ್ಬಟ್ಟು ಹಾಕಿ ಕೊಡೋಣವೆಂದು ಇಟ್ಟಿದ್ದೆ. ಗಂಡ ಬಟ್ಟೆ ಒಗೆಯುವ ಕೋಣೆಗೆ ಇಳಿಯುತ್ತ ತಟ್ಟೆಯನ್ನು ಕೈಗೆತ್ತಿಕೊಂಡು ಹೋದದ್ದು ನನ್ನ ಗಮನಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯಿತು. ಮಂಡಿನೋವಿನಿಂದ ನಮ್ಮ ಮಹಡಿಗೆ ಹತ್ತುವುದನ್ನೇ ಬಿಟ್ಟಿದ್ದ ಆಂಟಿ ಏದುಸಿರು ಬಿಡುತ್ತ ನಿಂತಿದ್ದರು. ತಟ್ಟೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು.

“ಎಲ್ಲಿಗೆ ಹೋಗುತ್ತಿದ್ದೀರಿ?” ಎಂದರು.

ನಾನು ನಕ್ಕುಬಿಟ್ಟೆ. ಎಲ್ಲಿಗೂ ಇಲ್ಲ, ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ, ಹಾಗೇ ತಂದುಕೊಟ್ಟಿದ್ದಾರೆ, ಒಬ್ಬಟ್ಟು ಆಗುತ್ತಿದೆ ಬನ್ನಿ ಎಂದೆ.

“ಅವನಿಗೆ ತಾಯಿ ಇಲ್ಲವೇ?” ಎಂದು ಕೇಳಿದರು.

ತಾಯಿ ಇದ್ದರು. ಖಾಲಿ ಪಾತ್ರೆ ಕೊಟ್ಟರೆ ಮಗನ ಕಿವಿ ಹಿಂಡುವಂಥ ತಾಯಿ. ಹೂರಣದ ಕೈಯಲ್ಲೇ ನಾನು ಆಂಟಿಯ ಬೆನ್ನ ಹಿಂದೆ ನೋಡಿದೆ. ಗಂಡ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು.

“ರೀ, ನಾವು ಎಲ್ಲೂ ಹೋಗ್ತಿಲ್ಲ ಅಂತ ಇವರಿಗೆ ಹೇಳ್ರಿ.”

ಅವರು ಬುಟ್ಟಿ ಕೆಳಗಿಟ್ಟು ನೆಲ ನೋಡಿದರು.

“ಷಾರ್ಲೆಟ್‌ನಲ್ಲಿ ಒಂದು ಬ್ಯಾಂಕ್ ಪ್ರಾಜೆಕ್ಟ್ ಕಣೆ. ಇಲ್ಲಿ ಕಾಂಟ್ರಾಕ್ಟ್ ಮುಗೀತು ಅಂತ ಹಬ್ಬದ ಮುಂಚೇನೇ ಹೇಳಿದ್ರು. ಹೊಸ ಕಂಪನಿ ವೀಸಾ ಅಪ್ರೂವ್ ಆಗೋವರೆಗೂ ಪಕ್ಕಾ ಇರ್ಲಿಲ್ಲ. ನಿನ್ನೆ ಬಂತು. ನಿನ್ನ ಸುಮ್ನೆ ಟೆನ್ಷನ್ ಮಾಡೋದು ಯಾಕೆ ಅಂತ ಇದ್ದೆ.”

ನನ್ನ ಮನೆ ಬಿಡುವ ಸುದ್ದಿ ನನಗಿಂತ ಮೊದಲು ಕೆಳಗಿನ ಮನೆಯವರಿಗೆ ತಿಳಿದಿತ್ತು, ಅದೂ ಒಂದು ತಟ್ಟೆಯಿಂದ. ನನಗೆ ಬಂದ ಸಿಟ್ಟಿಗೆ ಆ ಹೂರಣದ ಪಾತ್ರೆಯನ್ನೇ ಎತ್ತಿ ಹಾಕುತ್ತಿದ್ದೆನೇನೋ. ಆದರೆ ಆಂಟಿ ನನ್ನ ಮೊಣಕೈ ಹಿಡಿದು, ಅವನು ಏನು ಹೇಳಿದ ಎಂದು ಕೇಳಿದರು. ಒಂದಕ್ಷರ ಬಿಡದೆ ಹೇಳಿದೆ. ಸಿಟ್ಟಿನಲ್ಲಿದ್ದೆನಲ್ಲ, ಅವರಿಗೆ ಅದು ಏನಾಗುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಅವರು ಒಳಗೆ ಬಂದು ಊಟದ ಮೇಜಿನ ಕುರ್ಚಿಯಲ್ಲಿ ಕೂತರು. ತಟ್ಟೆಯನ್ನು ಮುಂದೆ ಇಟ್ಟುಕೊಂಡರು. ಗಂಡನನ್ನು ಎದುರಿಗೆ ಕೂರಲು ಹೇಳಿದರು. ಆಮೇಲೆ ಔಷಧದ ಅಂಗಡಿಯಲ್ಲಿ ರೋಗಿಯನ್ನು ವಿಚಾರಿಸುವ ಹಾಗೆ ಮೆಲ್ಲಗೆ ಒಂದೊಂದೇ ಕೇಳಿದರು. ಎಲ್ಲರ ಸಾಮಾನು ಯಾಕೆ ಹಿಂದಿರುಗಿಸಿದೆ? ಹೋಗುವಾಗ ಯಾರದೂ ನಮ್ಮ ಹತ್ತಿರ ಉಳಿಯಬಾರದು ಅಂತ. ಅಷ್ಟೂ ದಿನ ಯಾರಿಗೂ ಹೇಳಬೇಕು ಅನ್ನಿಸಲಿಲ್ಲವೇ? ಅನ್ನಿಸಿತು, ಆದರೆ ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆ. ನನ್ನ ಗಂಡನಿಗೆ ಅವರ ಎದುರುಮನೆಯ ಕಥೆ ಗೊತ್ತಿರಲಿಲ್ಲ. ನಾನು ಆಂಟಿಯಿಂದ ಕೇಳಿದ್ದನ್ನು ಅವರಿಗೆ ಹೇಳಿದ್ದರೆ ತಾನೇ. ದಣಿದು ಬಂದವರ ತಲೆಗೆ ಯಾಕೆ ಎಂದು ಬಿಟ್ಟಿದ್ದೆ. ಹಾಗಾಗಿ ಅವರು ತಪ್ಪು ಮಾಡಿದ ಹುಡುಗನ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಿದರು.

“ಇಷ್ಟು ವಾರವೂ ನಾನು ಕಳಿಸಿದ್ದನ್ನು ತಿಂದೆಯಲ್ಲ. ಹೊರಬಾಗಿಲಲ್ಲಿ ಸಿಕ್ಕಾಗ ನನ್ನ ಚೀಲ ಹಿಡಿದುಕೊಂಡೆ. ಆಗ ಒಳಗೆ ಏನಾಗುತ್ತಿತ್ತು?”

ಗಂಡ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದರು. “ಕಷ್ಟ ಆಗುತ್ತಿತ್ತು ಆಂಟಿ. ನಿಮ್ಮ ಮೇಲೆ ವಿಶ್ವಾಸ ಇಲ್ಲದೆ ಅಲ್ಲ. ವಿಶ್ವಾಸ ಇದ್ದದ್ದಕ್ಕೇ ಮುಖ ನೋಡಲು ಆಗುತ್ತಿರಲಿಲ್ಲ.”

ಆಂಟಿ ತಲೆಯಾಡಿಸಿದರು. ಕೈ ಚಾಚಿ ಅವರ ಕೆನ್ನೆ ತಟ್ಟಿದರು. ಒಳ್ಳೆಯ ಹುಡುಗ ಎಂದರು. ನಾನು ಆಗಲೂ ಅವರು ನಮ್ಮನ್ನು ಕ್ಷಮಿಸುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರು ತಟ್ಟೆಯ ನೀಲಿ ಅಂಚಿನ ಮೇಲೆ ಒಂದು ಸುತ್ತು ಬೆರಳಾಡಿಸಿ ನನ್ನ ಕಡೆ ನೋಡಿದರು.

“ಹಾಗಾದರೆ ಅವಳಿಗೆ ಗೊತ್ತಿತ್ತು,” ಎಂದರು.

ನಾನು ಏನೇನೋ ಹೇಳಿದೆ. ನಮ್ಮದು ಬರೀ ಕೆಲಸದ ವಿಚಾರ, ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಅವರದು ಬೇರೆ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಮಗಳು ಇಷ್ಟು ವರ್ಷ ಕೂಗಾಡಿ ಕಸಿದುಕೊಳ್ಳಲಾಗದ್ದನ್ನು ನನ್ನ ಗಂಡನ ನಾಲ್ಕು ನಿಜವಾದ ಮಾತು ತೆಗೆದುಕೊಂಡು ಹೋಗಿತ್ತು. ಎದುರುಮನೆಯವಳು ಕೆಟ್ಟವಳಾಗಿದ್ದರೆ ಆಂಟಿಗೆ ಸುಲಭವಿತ್ತು, ದ್ವೇಷಿಸಿ ಮುಗಿಸಬಹುದಿತ್ತು. ಒಳ್ಳೆಯವಳೇ ಆಗಿದ್ದು, ಪ್ರೀತಿಯೂ ಇದ್ದು, ವಾರಗಟ್ಟಲೆ ತಿಳಿದೂ, ಕೇಕಿನ ಅಚ್ಚು ವಾಪಸ್ ಕೊಟ್ಟು, ಬಾಯಿ ಮುಚ್ಚಿಕೊಂಡು ಹೋಗಬಹುದು ಎಂದು ಅವರು ನಮ್ಮ ಊಟದ ಮೇಜಿನ ಮುಂದೆ ಕಣ್ಣಾರೆ ಕಂಡರು. ಮೆಟ್ಟಿಲಿಳಿಯುವಾಗ ನಾನು ಕೈ ಹಿಡಿಯಲು ಹೋದೆ. ಬೇಡವೆಂದು ಕಂಬಿ ಹಿಡಿದುಕೊಂಡರು.

ಹೊರಡುವ ದಿನದವರೆಗೆ ನಾನು ಗಂಡನ ಜೊತೆ ಬೇಕಾದಷ್ಟೇ ಮಾತಾಡಿದೆ. ಹೊರಡುವ ಬೆಳಿಗ್ಗೆ ಮತ್ತೆ ಒಬ್ಬಟ್ಟು ಮಾಡಿ, ಅಮ್ಮನ ಹೆಸರಿನ ಸ್ಟೀಲ್ ತಟ್ಟೆಯ ತುಂಬ ಹಾಕಿ, ಕೆಳಗೆ ಕೊಟ್ಟು ಬಂದೆ. ತಟ್ಟೆ ನಿಮ್ಮಲ್ಲೇ ಇರಲಿ, ಮುಂದಿನ ಸಲ ಬಂದಾಗ ತೆಗೆದುಕೊಳ್ಳುತ್ತೇನೆ ಎಂದೆ. ತಟ್ಟೆ ಅಲ್ಲಿದ್ದರೆ ಮತ್ತೆ ನೋಡಲು ಒಂದು ನೆಪ ಇರುತ್ತದೆ ಎಂದು ನನ್ನ ಹಂಚಿಕೆ. ಆಂಟಿ ನನ್ನ ಹಣೆಗೆ ಮುತ್ತಿಟ್ಟರು, ಷಾರ್ಲೆಟ್‌ನ ವಿಳಾಸ ಕೇಳಿ ಮಗಳ ಕೈಯಲ್ಲಿ ಬರೆಸಿಕೊಂಡರು. ಅವರ ಕಣ್ಣಲ್ಲಿ ಮೊದಲಿನ ವಿಶ್ವಾಸ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ.

ಷಾರ್ಲೆಟ್‌ನಲ್ಲಿ ಹೊಸ ಅಪಾರ್ಟ್‌ಮೆಂಟು, ಅದೇ ತಿಳಿಕಂದು ಬಣ್ಣದ ಕಾರ್ಪೆಟ್ಟು, ಕಾಲುದಾರಿಯಿಲ್ಲದ ಅದೇ ರಸ್ತೆ. ಕೆಳಗಿನ ಮನೆಯವರು ಯಾರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಕುಕ್ಕರ್ ಮತ್ತೆ ವಿಷಲ್ ಹಾಕತೊಡಗಿತು. ಆಂಟಿಗೆ ಒಂದೆರಡು ಸಲ ಫೋನ್ ಮಾಡಿದೆ. ಚೆನ್ನಾಗಿದ್ದೇನೆ ಎಂದಷ್ಟೇ ಹೇಳುತ್ತಿದ್ದರು, ಹಳೆಯ ಊರಿನ ಮಾತು ಎತ್ತುತ್ತಿರಲಿಲ್ಲ.

ಮುಂದಿನ ವಸಂತದಲ್ಲಿ ಒಂದು ಪಾರ್ಸೆಲ್ ಬಂತು. ಪತ್ರಿಕೆಯ ಹಾಳೆಗಳ ನಡುವೆ ನನ್ನ ಸ್ಟೀಲ್ ತಟ್ಟೆ. ಹಾಳೆಗಳನ್ನೆಲ್ಲ ಬಿಡಿಸಿ ನೋಡಿದೆ, ಡಬ್ಬದ ತಳ ತಡವಿದೆ. ಒಂದು ಸಕ್ಕರೆಯ ಹರಳೂ ಇರಲಿಲ್ಲ. ಕೂಡಲೇ ಫೋನ್ ಮಾಡಿದೆ. ಮಗಳು ತೆಗೆದುಕೊಂಡಳು. ಅಮ್ಮ ಹಿಂದಿನ ವಾರವೇ ಸರಾಯೆವೊಗೆ ಹೋದರು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದಳು. ಎದುರುಮನೆಯವಳು ಗಡಿಯಾಚೆ ಯಾವುದೋ ಸಣ್ಣ ಊರಿನಲ್ಲಿದ್ದಾಳೆಂದು ಯಾರೋ ತಿಳಿಸಿದ್ದರಂತೆ. ಅವಳ ಬಾಯಿಂದಲೇ ಒಂದು ಸಲ ಕೇಳಬೇಕು ಎಂದು ಹೊರಟರಂತೆ. ತಟ್ಟೆಗೆ ಏನಾದರೂ ಹಾಕಲೇ ಎಂದು ಮಗಳು ಕೇಳಿದ್ದಕ್ಕೆ ಬೇಡ, ಹಾಗೇ ಕಳಿಸು, ಆ ಹುಡುಗಿಗೆ ಅರ್ಥವಾಗುತ್ತದೆ ಎಂದಿದ್ದರಂತೆ.

ಸಂಜೆ ಗಂಡ ಬಂದಾಗ ಡಬ್ಬ ಇನ್ನೂ ಮೇಜಿನ ಮೇಲಿತ್ತು. ಶೂ ಬಿಚ್ಚುತ್ತ ಏನು ಬಂತು ಎಂದು ಕೇಳಿದರು. ಅಮ್ಮನ ತಟ್ಟೆ ಎಂದೆ. ಜೊತೆಗೆ ಏನಿತ್ತು ಎಂದರು. ಏನೂ ಇರಲಿಲ್ಲ ಎಂದೆ. ಅವರ ಕೈ ಲೇಸಿನ ಮೇಲೆ ನಿಂತಿತು. ಆಂಟಿಯ ಕಥೆಯನ್ನು ಅಷ್ಟು ಹೊತ್ತಿಗೆ ನಾನು ಅವರಿಗೆ ಪೂರ್ತಿ ಹೇಳಿದ್ದೆ. ಅವರು ತಲೆ ಎತ್ತಲಿಲ್ಲ.

“ಎಲ್ಲಿಗೆ ಹೋದ್ರಂತೆ?” ಎಂದು ಕೇಳಿದರು.